ಒಡೆದ ಜೆಲ್, ಕಪ್ಪಾದ ಗಾಜು, ಹಟ ಹಿಡಿದ ಅಲ್ಯೂಮಿನಾ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಲ್-ಜೆಲ್ ಸೆರಾಮಿಕ್ ಕುರಿತವು. ವಿಷಯ ಹೊಸದಾದವರಿಗೆ ಎರಡು ಮಾತು. ಮಾಮೂಲಿ ಸೆರಾಮಿಕ್ ಕೆಲಸದಲ್ಲಿ ಪುಡಿ ಅರೆದು, ಅಚ್ಚಿನಲ್ಲಿ ಒತ್ತಿ, ಸುಡುತ್ತಾರೆ. ಸಾಲ್-ಜೆಲ್ ಕೆಲಸ ಶುರುವಾಗುವುದೇ ದ್ರವದಿಂದ. ಸಿಲಿಕಾನ್, ಅಲ್ಯೂಮಿನಿಯಂ, ಟೈಟಾನಿಯಂಗಳ ಆಲ್ಕಾಕ್ಸೈಡ್‌ಗೆ (ಇವಕ್ಕೆ ಆಲ್ಕೋಹಾಲಿನ ಅಂಶ ಅಂಟಿದ ಸಂಯುಕ್ತ) ನೀರು ತಾಗಿದರೆ ನ್ಯಾನೊಮೀಟರ್ ಗಾತ್ರದ ಕಣಗಳು ಹುಟ್ಟಿ ದ್ರವದಲ್ಲಿ ತೇಲುತ್ತವೆ, ಅದು ಸಾಲ್. ಆ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಮೊಸರಿನ ಹಾಗೆ ಹೆಪ್ಪುಗಟ್ಟಿದರೆ ಜೆಲ್. ಫ್ರಾನ್ಸಿನ ಎಬೆಲ್ಮೆನ್ 1846ರಲ್ಲೇ ಇದನ್ನು ಗಮನಿಸಿದ್ದ. ಹೆಪ್ಪು ಹಾಕುವುದು ಅಂದಿಗೂ ಕಷ್ಟವಿರಲಿಲ್ಲ, ಇಂದಿಗೂ ಇಲ್ಲ. ಬಂದ ಪತ್ರಗಳೆಲ್ಲ ಹೆಪ್ಪಾದ ಮೇಲಿನ ಗೋಳೇ.

ಪ್ರಶ್ನೆ: ಟಿಇಒಎಸ್‌ನಿಂದ (ಟೆಟ್ರಾಈಥೈಲ್ ಆರ್ಥೊಸಿಲಿಕೇಟ್, ಸಿಲಿಕಾನ್‌ನ ಆಲ್ಕಾಕ್ಸೈಡ್) ಸಿಲಿಕಾ ಜೆಲ್ ಮಾಡಿದೆ. ಕನ್ನಡಿಯಷ್ಟು ತಿಳಿಯಾಗಿತ್ತು. ಮುಚ್ಚಳ ತೆಗೆದಿಟ್ಟ ಮೂರನೇ ದಿನ ಚೂರುಚೂರಾಗಿತ್ತು. ಪ್ರಮಾಣ ತಪ್ಪಿತೇ? (ಎಂ.ಎಸ್ಸಿ. ವಿದ್ಯಾರ್ಥಿನಿ, ಜಯನಗರ)

ಉತ್ತರ: ತಪ್ಪಿದ್ದು ಪ್ರಮಾಣವಲ್ಲ, ಮುಚ್ಚಳ. ಆದರೂ ಪ್ರಮಾಣವನ್ನು ಒಮ್ಮೆ ಹೇಳಿಬಿಡುತ್ತೇವೆ, ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ.

ಟಿಇಒಎಸ್ 22.3 ಮಿ.ಲೀ. (0.1 ಮೋಲ್), ಎಥನಾಲ್ 23.4 ಮಿ.ಲೀ. (0.4 ಮೋಲ್), ನೀರು 7.2 ಮಿ.ಲೀ. (0.4 ಮೋಲ್). ಆ ನೀರಿನಲ್ಲಿ 1 ಮಿ.ಲೀ. ಪಾಲು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಇರಲಿ. ಟಿಇಒಎಸ್ ನೀರಿನಲ್ಲಿ ಬೆರೆಯುವುದಿಲ್ಲ, ಎಣ್ಣೆಯ ಹಾಗೆ ಬೇರೆ ನಿಲ್ಲುತ್ತದೆ. ಎರಡನ್ನೂ ಕೂಡಿಸುವುದು ಎಥನಾಲ್. ಮೊದಲು ಟಿಇಒಎಸ್ ಮತ್ತು ಎಥನಾಲ್ ಬೆರೆಸಿ, ಆಮ್ಲದ ನೀರನ್ನು ನಿಧಾನವಾಗಿ ಹಾಕಿ, 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ. ಇಷ್ಟಕ್ಕೇ ಬಿಟ್ಟರೆ ಹೆಪ್ಪಾಗಲು ದಿನಗಟ್ಟಲೆ ಬೇಕು, ಏಕೆಂದರೆ ಆಮ್ಲದಲ್ಲಿ, ಅದರಲ್ಲೂ ಪಿಎಚ್ 2ರ ಸುಮಾರಿಗೆ, ಕಣಗಳು ಹೆಣೆದುಕೊಳ್ಳುವ ವೇಗ ತೀರಾ ಕಡಿಮೆ. ಅದಕ್ಕೇ ಎರಡನೇ ಹಂತ: ತಣಿದ ಮೇಲೆ 0.1 ಮೋಲಾರ್ ಅಮೋನಿಯಾ ನೀರನ್ನು ಹನಿಹನಿಯಾಗಿ ಸೇರಿಸಿ. ಮೊದಲು ಹಾಕಿದ ಆಮ್ಲ ಪೂರ್ತಿ ತೀರಲು 10 ಮಿ.ಲೀ. ಬೇಕು. ಅದರ ಹತ್ತಿರ ಬರುತ್ತಿದ್ದಂತೆ ಕೈ ಬಿಗಿಹಿಡಿದು ಪಿಎಚ್ ಕಾಗದದಲ್ಲಿ 5–6 ಕಂಡಾಗ ನಿಲ್ಲಿಸಿ. ಜೋರಾಗಿ ಕಲಕದೆ ಅಮೋನಿಯಾ ಸುರಿದರೆ ಮುದ್ದೆಯಲ್ಲಿ ಗಂಟು ಬಿದ್ದ ಹಾಗೆ ಬಿಳಿ ಗಂಟು ಬೀಳುತ್ತದೆ, ಮತ್ತೆ ಕರಗುವುದಿಲ್ಲ.

ಈಗ ಲೆಕ್ಕ ನೋಡಿ. ಒಟ್ಟು ದ್ರವ ಸುಮಾರು 63 ಮಿ.ಲೀ. ಅದರಲ್ಲಿ ಸಿಲಿಕಾ ಇರುವುದು ಬರೀ 6 ಗ್ರಾಂ. ಪೂರ್ತಿ ಗಟ್ಟಿ ಗಾಜಾದರೆ 2.7 ಘನ ಸೆಂ.ಮೀ. ಅಂದರೆ ಗಾತ್ರ 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, 10 ಸೆಂ.ಮೀ. ಉದ್ದದ ಜೆಲ್ ಮೂರೂವರೆ ಸೆಂ.ಮೀ.ಗೆ ಕುಗ್ಗುತ್ತದೆ. ಇಷ್ಟು ಕುಗ್ಗಬೇಕಾದ ವಸ್ತು ಬೀಕರಿನ ಗಾಜಿಗೆ ಅಂಟಿಕೊಂಡಿದ್ದರೆ ಒಡೆಯದೆ ಇನ್ನೇನು ಮಾಡೀತು? ಗಾಜಿನಲ್ಲಿ ಎರಕ ಹೊಯ್ಯಬೇಡಿ. ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಡಬ್ಬಿ ಬಳಸಿ.

ಕುಗ್ಗಿಸುವ ಬಲ ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ. ಜೆಲ್‌ನ ರಂಧ್ರಗಳು ಕೆಲವೇ ನ್ಯಾನೊಮೀಟರ್ ಅಗಲ. ದ್ರವ ಆರಿದಂತೆ ಪ್ರತಿ ರಂಧ್ರದ ಬಾಯಲ್ಲೂ ದ್ರವದ ಮೇಲ್ಮೈ ಒಳಕ್ಕೆ ಬಾಗಿ ಗೋಡೆಯನ್ನು ಎಳೆಯುತ್ತದೆ. ತ್ರಿಜ್ಯ 5 ನ್ಯಾನೊಮೀಟರ್, ಒಳಗಿರುವುದು ಎಥನಾಲ್ ಎಂದರೆ ಆ ಎಳೆತ ಸುಮಾರು 9 ಮೆಗಾಪ್ಯಾಸ್ಕಲ್, ಅಂದರೆ ವಾಯುಭಾರದ 90 ಪಟ್ಟು. ಒಳಗೆ ನೀರು ಉಳಿದಿದ್ದರೆ ಅದರ ಮೂರು ಪಟ್ಟಿಗೂ ಹೆಚ್ಚು. ಮುಚ್ಚಳ ತೆಗೆದಿಟ್ಟಾಗ ಮೊದಲು ಆರಿಹೋಗುವುದು ಎಥನಾಲ್, ಕೊನೆಗೆ ಉಳಿಯುವುದು ನೀರು. ಮೇಲ್ಪದರ ಬೇಗ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿ. ಬೇಸಿಗೆಯ ಕೆರೆಯಂಗಳ ಬಿರಿಯುವುದೂ ಹೀಗೆಯೇ.

ಮಾಡಬೇಕಾದ್ದು ಇಷ್ಟು. ಹೆಪ್ಪಾದ ಮೇಲೆ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ 50 ಡಿಗ್ರಿಯಲ್ಲಿ ಎರಡು ಮೂರು ದಿನ ಮಾಗಲು ಬಿಡಿ. ಹೆಣಿಗೆಯ ಕೊರಳುಗಳು ದಪ್ಪಗಾಗಿ ಜೆಲ್ ಗಟ್ಟಿಯಾಗುತ್ತದೆ. ಆಮೇಲೆ ಮೇಲೆ ಎಥನಾಲ್ ತುಂಬಿ ದಿನಕ್ಕೊಮ್ಮೆ ಬದಲಿಸಿ, ಮೂರು ನಾಲ್ಕು ಸಲ. ನೀರು ಹೊರಗೆ ಹೋಗುತ್ತದೆ. ಬಳಿಕ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸೂಜಿಯಲ್ಲಿ ಐದಾರು ತೂತು ಮಾಡಿ, ಗಾಳಿಯಾಡದ ಮೂಲೆಯಲ್ಲಿ ಇಡಿ. ಫ್ಯಾನ್ ಕೆಳಗೆ ಬೇಡವೇ ಬೇಡ. ಮಾರ್ಚ್–ಏಪ್ರಿಲ್‌ನ ಬೆಂಗಳೂರಿನ ಒಣಗಾಳಿ ಒಂದು ಮಧ್ಯಾಹ್ನದಲ್ಲಿ ಕೆಲಸ ಕೆಡಿಸುತ್ತದೆ. ದಿನಾ ತೂಕ ನೋಡಿ ಬರೆದಿಡಿ. ಒಂದು ಹಂತದಲ್ಲಿ ಕುಗ್ಗುವುದು ನಿಂತು, ತಿಳಿ ಜೆಲ್ ಸ್ವಲ್ಪ ಕಾಲ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ರಂಧ್ರಗಳು ಬರಿದಾಗತೊಡಗಿವೆ ಎಂದು ಅರ್ಥ. ಒಡೆಯುವ ಗಳಿಗೆಯೂ ಅದೇ. ಆಗ ತೂತು ಹೆಚ್ಚಿಸುವ ಆತುರ ಬೇಡ. ಒಂದು ಸೆಂ.ಮೀ. ದಪ್ಪದ ಬಿಲ್ಲೆಗೆ ಎರಡು ಮೂರು ವಾರ ಹಿಡಿದರೆ ಅದು ನಿಧಾನವಲ್ಲ, ಸರಿಯಾದ ಲೆಕ್ಕ.

ಇನ್ನೆರಡು ಮಾತು. ಒಣಗುವಾಗ ಒಡೆಯದಿರಲೆಂದು ಫಾರ್ಮಮೈಡ್ ಸೇರಿಸುವ ಪಾಠ ಹಳೆಯ ಪ್ರಬಂಧಗಳಲ್ಲಿದೆ. ಅದು ಗರ್ಭಸ್ಥ ಶಿಶುವಿಗೆ ಹಾನಿ ಮಾಡುವ ರಾಸಾಯನಿಕ, ಕಾಲೇಜು ಲ್ಯಾಬಿಗೆ ತಕ್ಕದ್ದಲ್ಲ. ಶುದ್ಧ ಎಥನಾಲ್ ಕೊಳ್ಳಲು ಅಬಕಾರಿ ಪರವಾನಗಿ ಬೇಕು. ಕಾಲೇಜಿಗೆ ಅದಿಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ, ಕ್ರಿಯೆ ಸ್ವಲ್ಪ ನಿಧಾನ. ನೀರು ಮಾತ್ರ ಡಿಸ್ಟಿಲ್ಡ್ ಇರಲಿ. ಕಾವೇರಿ ನಲ್ಲಿಯದೂ ಬೇಡ, ಬೋರ್‌ವೆಲ್ಲಿನದಂತೂ ಬೇಡ. ಏಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಒಡೆಯದೆ ಒಣಗಿದ ಸಿಲಿಕಾ ಜೆಲ್ಲನ್ನು ಗಂಟೆಗೆ 300 ಡಿಗ್ರಿ ವೇಗದಲ್ಲಿ 1,100ಕ್ಕೆ ಏರಿಸಿದೆವು. ಒಂದು ಬಿಲ್ಲೆ ಕಪ್ಪಾಯಿತು, ಇನ್ನೊಂದು ಪೂರಿಯಂತೆ ಉಬ್ಬಿತು. ಮೂರನೆಯದು ಚೆನ್ನಾಗಿತ್ತು, ತಣಿದಾಗ ಬಿಳಿಚಿ ಸೀಳಿತು. (ಪ್ರಾಜೆಕ್ಟ್ ಎಂಜಿನಿಯರ್, ಪೀಣ್ಯ)

ಉತ್ತರ: ಒಂದೇ ಕುಲುಮೆಯಲ್ಲಿ ಮೂರು ರೋಗ. ಕಣ್ಣಿಗೆ ಒಣಗಿದಂತೆ ಕಂಡರೂ ಜೆಲ್ ಒಳಗೆ ಮೂರು ಬಗೆಯ ಸರಕು ಉಳಿದಿರುತ್ತದೆ: ರಂಧ್ರದ ಗೋಡೆಗೆ ಅಂಟಿದ ನೀರು, ನೀರಿನ ಜತೆ ವರ್ತಿಸದೆ ಉಳಿದ ಈಥಾಕ್ಸಿ ಗುಂಪುಗಳು (ಟಿಇಒಎಸ್‌ನ ಇಂಗಾಲವುಳ್ಳ ಭಾಗ), ಸಿಲಿಕಾನ್‌ಗೆ ಕಚ್ಚಿಕೊಂಡ ಹೈಡ್ರಾಕ್ಸಿಲ್. ನೀರು 200 ಡಿಗ್ರಿಯ ಒಳಗೆ ಹೋಗುತ್ತದೆ. ಈಥಾಕ್ಸಿ 250ರಿಂದ 400ರ ನಡುವೆ ಸುಟ್ಟುಹೋಗಬೇಕು, ಅದಕ್ಕೆ ಗಾಳಿ ಬೇಕು. ಹೈಡ್ರಾಕ್ಸಿಲ್ ಜೋಡಿಜೋಡಿಯಾಗಿ ನೀರಾಗಿ ಬಿಡುವುದು ಇನ್ನೂ ಮೇಲೆ, 800–900ರವರೆಗೂ. ಇವೆಲ್ಲ ಹೊರಡುವ ದಾರಿ ಆ ರಂಧ್ರಗಳೇ. ಸಾವಿರದ ಆಸುಪಾಸಿನಲ್ಲಿ ಗಾಜು ಮೆತ್ತಗಾಗಿ ರಂಧ್ರ ಮುಚ್ಚುತ್ತದೆ. ಬಾಗಿಲು ಹಾಕುವ ಮುನ್ನ ಎಲ್ಲರೂ ಹೊರಗೆ ಬಂದಿರಬೇಕು, ಅಷ್ಟೇ ವಿಷಯ. ಗಾಳಿ ಸಾಲದೆ ಇಂಗಾಲ ಒಳಗೆ ಸಿಕ್ಕಿಕೊಂಡದ್ದು ನಿಮ್ಮ ಕಪ್ಪು ಬಿಲ್ಲೆ. ಎಷ್ಟು ಹೊತ್ತು ಸುಟ್ಟರೂ ಅದು ಇನ್ನು ಬೆಳ್ಳಗಾಗದು. ಆವಿ ಸಿಕ್ಕಿಕೊಂಡದ್ದು ಉಬ್ಬಿದ ಬಿಲ್ಲೆ.

ಮೂರನೆಯದರ ಕಥೆ ಬೇರೆ. ಅದು ಗಾಜಾಗಿ ಉಳಿಯದೆ ಕ್ರಿಸ್ಟೊಬಲೈಟ್ ಹರಳಾಗಿದೆ. 1,100ರಲ್ಲಿ ಹೆಚ್ಚು ಹೊತ್ತು ನಿಂತರೆ ಹೀಗಾಗುತ್ತದೆ. ಸೋಡಿಯಂ ಕೊಳೆ ಇದ್ದರೆ ಇನ್ನೂ ಬೇಗ. ಬೆವರಿನ ಬೆರಳಚ್ಚು, ಬೋರ್‌ವೆಲ್ ನೀರು, ಹಿಂದೆ ಉಪ್ಪು ಸುಟ್ಟ ಮೂಸೆ, ಯಾವುದಾದರೂ ಸಾಕು. ಕ್ರಿಸ್ಟೊಬಲೈಟ್ ತಣಿಯುವಾಗ 200–270 ಡಿಗ್ರಿಯ ನಡುವೆ ತನ್ನ ರೂಪ ಬದಲಿಸಿ ಹಠಾತ್ತನೆ ಕುಗ್ಗುತ್ತದೆ, ಸೀಳುತ್ತದೆ.

ಹೀಗೆ ಏರಿಸಿ: 110 ಡಿಗ್ರಿವರೆಗೆ ನಿಮಿಷಕ್ಕೆ ಅರ್ಧ ಡಿಗ್ರಿ, ಅಲ್ಲಿ 5 ಗಂಟೆ. 400ಕ್ಕೆ ನಿಮಿಷಕ್ಕೆ 1 ಡಿಗ್ರಿ, ಅಲ್ಲಿ 5 ಗಂಟೆ. ಈ ಹಂತದಲ್ಲಿ ಕುಲುಮೆಯ ಹೊಗೆಕಿಂಡಿ ತೆರೆದಿರಲಿ, ಸಾಧ್ಯವಾದರೆ ಸಣ್ಣ ಪಂಪಿನಿಂದ ಗಾಳಿ ಬಿಡಿ. 900ಕ್ಕೆ ಅದೇ ವೇಗ, ಅಲ್ಲಿ 4 ಗಂಟೆ. ಕೊನೆಗೆ 1,050, ಒಂದೂವರೆ ಗಂಟೆ, ಹೆಚ್ಚು ಬೇಡ. ಒಟ್ಟು ಸುಮಾರು 34 ಗಂಟೆ. ನೀವು ನಾಲ್ಕು ಗಂಟೆಗೂ ಮುಂಚೆ ಮುಗಿಸಿದ್ದೀರಿ. ಮುಂದಿನ ಸಲ ಜೆಲ್ ಮಾಡುವಾಗಲೇ ನೀರು ಹೆಚ್ಚು ಹಾಕಿದರೆ, ಒಂದು ಮೋಲ್ ಟಿಇಒಎಸ್‌ಗೆ 8–10 ಮೋಲ್, ಈಥಾಕ್ಸಿ ಕಡಿಮೆ ಉಳಿದು ಕಪ್ಪಾಗುವ ಕಾಟವೂ ತಗ್ಗುತ್ತದೆ.

ಪ್ರಶ್ನೆ: ಅಲ್ಯೂಮಿನಾ ಜೆಲ್ಲನ್ನು 1,000 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟರೂ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರೂಪ ಗುರುತಿಸುವ ಪರೀಕ್ಷೆ) ಆಲ್ಫಾ ಕಾಣುತ್ತಿಲ್ಲ. ನಮ್ಮ ಕುಲುಮೆ 1,150ರ ಮೇಲೆ ಹೋಗುವುದಿಲ್ಲ. (ಸಂಶೋಧನಾ ವಿದ್ಯಾರ್ಥಿ, ಯಶವಂತಪುರ)

ಉತ್ತರ: ಅಲ್ಯೂಮಿನಾ ನೇರವಾಗಿ ಆಲ್ಫಾಗೆ, ಅಂದರೆ ತನ್ನ ಕೊನೆಯ ಸ್ಥಿರ ಹರಳು ರೂಪಕ್ಕೆ, ಹೋಗುವುದೇ ಇಲ್ಲ. ಬೊಹೆಮೈಟ್ (ನೀರಿನಂಶ ಕೂಡಿದ ಅಲ್ಯೂಮಿನಾ) ಜೆಲ್ 450ರ ಸುಮಾರಿಗೆ ಗ್ಯಾಮಾ, ಮುಂದೆ ಡೆಲ್ಟಾ, ಸಾವಿರದ ಹತ್ತಿರ ಥೀಟಾ. ಆಲ್ಫಾ ಬರುವುದು 1,150–1,200ರಲ್ಲಿ. ಎಕ್ಸ್‌ಆರ್‌ಡಿಯಲ್ಲಿ 46 ಮತ್ತು 67 ಡಿಗ್ರಿ ಕೋನದ ಬಳಿ ಅಗಲವಾದ ದಿಬ್ಬಗಳಿದ್ದರೆ ಗ್ಯಾಮಾ, 25.6, 35.1, 43.3ರಲ್ಲಿ ಚೂಪು ಶಿಖರ ಕಂಡರೆ ಆಲ್ಫಾ. (ತಾಮ್ರದ ಎಕ್ಸ್-ಕಿರಣಕ್ಕೆ ಈ ಲೆಕ್ಕ.)

ಆಲ್ಫಾ ತಡವಾಗುವುದು ಅದರ ಮೊದಲ ಹರಳು ಹುಟ್ಟುವುದು ಕಷ್ಟ ಎಂಬ ಕಾರಣಕ್ಕೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಸಾಲ್‌ಗೇ ಆಲ್ಫಾ ಬೀಜ ಹಾಕಿದರೆ ಆ ಕಷ್ಟ ಕಳೆಯುತ್ತದೆ. 1984ರಲ್ಲಿ ಕುಮಗೈ ಮತ್ತು ಮೆಸಿಂಗ್ ತೋರಿಸಿಕೊಟ್ಟ ದಾರಿ ಇದು. ತೂಕದಲ್ಲಿ ಶೇ. 1.5–2ರಷ್ಟು ನಯವಾದ ಆಲ್ಫಾ ಪುಡಿ ಸಾಕು, ಆಲ್ಫಾ 1,050ರ ಸುಮಾರಿಗೇ ಬರುತ್ತದೆ. ನಿಮ್ಮ ಕುಲುಮೆಗೆ ಸರಿಹೋಯಿತು. ಬೀಜ ಕೊಳ್ಳುವಾಗ ಒಂದು ಎಚ್ಚರ: ಪಾಲಿಶ್ ಮಾಡಲು ಮಾರುವ 0.05 ಮೈಕ್ರಾನ್ ಅಲ್ಯೂಮಿನಾ ಸಾಮಾನ್ಯವಾಗಿ ಗ್ಯಾಮಾ, 0.3 ಮೈಕ್ರಾನ್‌ನದು ಆಲ್ಫಾ. ನಯವಾಗಿದೆ ಎಂದು ಮೊದಲನೆಯದನ್ನು ತಂದರೆ ಬೀಜವೇ ಪೊಳ್ಳು. 0.3ನ್ನು ನೀರಿನಲ್ಲಿ ಕದಡಿ, ಒಂದು ದಿನ ಬಿಟ್ಟು, ಮೇಲೆ ತೇಲುವ ನಯ ಪಾಲನ್ನಷ್ಟೇ ಬಳಸಿ.

ನಿಮ್ಮ ಸಾಲ್ ಹೇಗೆ ಮಾಡಿದಿರಿ ಎಂದು ಬರೆದಿಲ್ಲ, ಆದ್ದರಿಂದ ಯೋಲ್ಡಾಸ್ ಎಂಬ ವಿಜ್ಞಾನಿಯ ಕ್ರಮ ಹೇಳುತ್ತೇವೆ. 180 ಮಿ.ಲೀ. ನೀರನ್ನು 85 ಡಿಗ್ರಿಗೆ ಕಾಯಿಸಿ, ಜೋರಾಗಿ ಕಲಕುತ್ತಾ 20.4 ಗ್ರಾಂ ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್ ಪುಡಿ ಹಾಕಿ. ಒಂದು ಗಂಟೆಯ ಬಳಿಕ 7 ಮಿ.ಲೀ. 1 ಮೋಲಾರ್ ನೈಟ್ರಿಕ್ ಆಮ್ಲ. ರಾತ್ರಿಯಿಡೀ 85–90 ಡಿಗ್ರಿಯಲ್ಲಿ ಕಲಕಿದರೆ ಬೆಳಗ್ಗೆ ನೀಲಿ ಛಾಯೆಯ ಅರೆಪಾರದರ್ಶಕ ಸಾಲ್ ಸಿಗುತ್ತದೆ. ಬೀಜ ಹಾಕುವುದು ಈಗ. ನೀರು 80ಕ್ಕಿಂತ ತಣ್ಣಗಿದ್ದರೆ ಬೊಹೆಮೈಟ್ ಬದಲು ಬೇಯರೈಟ್ ಆಗಿ, ಆಮ್ಲ ಹಾಕಿದರೂ ಕದಡದೆ ತಳದಲ್ಲೇ ಕೂರುತ್ತದೆ. ಸಲ್ಫ್ಯೂರಿಕ್ ಆಮ್ಲ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ, ಹಾಗಾಗಿ ಹಾಟ್‌ಪ್ಲೇಟಿನ ಗುಂಡಿ ತಿರುಗಿಸಿ ನೂರಕ್ಕೆ ಕಾಯುತ್ತಾ ಕೂರಬೇಡಿ.

ನಿಮಗೆ ಬೇಕಾದ್ದು ಬಿಲ್ಲೆಯೋ ಲೇಪನವೋ ಅಲ್ಲ, ಬರೀ ಆಲ್ಫಾ ಪುಡಿ ಎಂದಾದರೆ ಇಷ್ಟು ಹೆಣಗಬೇಕಿಲ್ಲ. ನಿಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಕೆ.ಸಿ. ಪಾಟೀಲರ ತಂಡ 1988ರಲ್ಲಿ ಪ್ರಕಟಿಸಿದ ದಹನ ವಿಧಾನವಿದೆ. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, 8 ಗ್ರಾಂ ಯೂರಿಯಾ, ಕರಗುವಷ್ಟೇ ನೀರು, 300 ಮಿ.ಲೀ.ಯ ಅಗಲ ಬಾಯಿಯ ಪೈರೆಕ್ಸ್ ಪಾತ್ರೆಯಲ್ಲಿ ಹಾಕಿ 500 ಡಿಗ್ರಿಯ ಮಫಲ್ ಕುಲುಮೆಗೆ ಇಟ್ಟರೆ ಕುದಿದು, ನೊರೆಯೆದ್ದು, ಹತ್ತಿಕೊಂಡು ಉರಿದು ಐದೇ ನಿಮಿಷದಲ್ಲಿ ಅರಳಿನಂತೆ ಹಗುರವಾದ ಬಿಳಿ ಆಲ್ಫಾ ಅಲ್ಯೂಮಿನಾ. ಹೊರಗಿನ ಕುಲುಮೆ 500 ಇದ್ದರೂ ಜ್ವಾಲೆಯ ಬಿಸಿ ಸಾವಿರ ದಾಟುತ್ತದೆ, ಗುಟ್ಟು ಅದು. ಸಿಗುವುದು 2.7 ಗ್ರಾಂ. ಕಂದು ಬಣ್ಣದ ನೈಟ್ರೋಜನ್ ಆಕ್ಸೈಡ್ ಹೊಗೆ ಬರುತ್ತದೆ; ಫ್ಯೂಮ್‌ಹುಡ್ ಇಲ್ಲದ ಕೋಣೆಯಲ್ಲಿ ಮಾಡಬೇಡಿ. ಪ್ರಮಾಣ ಹತ್ತು ಪಟ್ಟು ಮಾಡಿ ಒಟ್ಟಿಗೆ ಸುಡುವುದಂತೂ ಕೂಡದು.

ಪ್ರಶ್ನೆ: ಗಾಜಿನ ಸ್ಲೈಡ್ ಮೇಲೆ ಟೈಟಾನಿಯಾ ಲೇಪ ಹಚ್ಚುತ್ತೇವೆ. ಫೆಬ್ರವರಿಯಲ್ಲಿ ಚೆನ್ನಾಗಿ ಬರುತ್ತಿತ್ತು, ಜುಲೈನಿಂದ ಬಿಳಿಬಿಳಿ. ದಪ್ಪ ಮಾಡಿದರೆ ಸುಲಿದು ಬರುತ್ತದೆ. (ಉಪನ್ಯಾಸಕಿ, ಬಸವನಗುಡಿ)

ಉತ್ತರ: ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಗಾಳಿಯ ತೇವಕ್ಕೇ ಹಾತೊರೆಯುವ ವಸ್ತು. ಮಳೆಗಾಲದ ಗಾಳಿಯಲ್ಲಿ ಲೇಪ ಒಣಗುವ ಮೊದಲೇ ಬಿಳಿ ಆಕ್ಸೈಡ್ ಆಗಿ ಉದುರುತ್ತದೆ. ಅದರ ಅವಸರಕ್ಕೆ ಲಗಾಮು ಅಸಿಟೈಲ್‌ಅಸಿಟೋನ್. 3 ಮಿ.ಲೀ. ಐಸೊಪ್ರೊಪಾಕ್ಸೈಡಿಗೆ 1 ಮಿ.ಲೀ. ಅಸಿಟೈಲ್‌ಅಸಿಟೋನ್, 30 ಮಿ.ಲೀ. ಆಲ್ಕೋಹಾಲ್, ಹಳದಿ ಬಣ್ಣ ಬಂದರೆ ಹಿಡಿತ ಸಿಕ್ಕಿದೆ ಎಂದು ಲೆಕ್ಕ. ಅರ್ಧ ಗಂಟೆ ಬಿಟ್ಟು, 0.36 ಮಿ.ಲೀ. ನೀರು ಮತ್ತು ಒಂದು ಹನಿ ನೈಟ್ರಿಕ್ ಆಮ್ಲವನ್ನು 10 ಮಿ.ಲೀ. ಆಲ್ಕೋಹಾಲಿನಲ್ಲಿ ಬೆರೆಸಿ ಹನಿಹನಿ ಸೇರಿಸಿ. ಅದ್ದಿ ಎತ್ತುವ ಜಾಗಕ್ಕೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ ಒಳಗೆ ಸಿಲಿಕಾ ಜೆಲ್ ತಟ್ಟೆ ಇಡಿ. ಒಳಗಿನ ತೇವಾಂಶ ಶೇ. 40ರ ಕೆಳಗೆ ನಿಲ್ಲಲಿ.

ಸುಲಿಯುವುದು ದಪ್ಪದ ದೋಷ. ಒಂದೇ ಸಲಕ್ಕೆ ಅರ್ಧ–ಒಂದು ಮೈಕ್ರಾನ್ ಮೀರಿದರೆ ಇಂಥ ಲೇಪ ಬಿರುಕು ಬಿಡುತ್ತದೆ. ಎತ್ತುವ ವೇಗ ಇಮ್ಮಡಿಸಿದರೆ ದಪ್ಪ ಸುಮಾರು 1.6 ಪಟ್ಟಾಗುತ್ತದೆ. ಆದ್ದರಿಂದ ನಿಮಿಷಕ್ಕೆ 10 ಸೆಂ.ಮೀ. ವೇಗದಲ್ಲೇ ಎತ್ತಿ, ತೆಳುವಾಗಿ ಹಲವು ಸಲ ಹಚ್ಚಿ, ಪ್ರತಿ ಸಲವೂ ಒಣಗಿಸಿ ಸುಡಿ. ಸ್ಲೈಡಿನ ಕೆಳತುದಿಯ ಹನಿಯನ್ನು ಟಿಶ್ಯೂ ತಾಗಿಸಿ ತೆಗೆದುಬಿಡಿ, ಸುಲಿತ ಶುರುವಾಗುವುದು ಅಲ್ಲಿಂದಲೇ. ಗಾಜು ಶುದ್ಧವೇ ಎಂದು ನೋಡಲು ನೀರು ಹಾಕಿ: ಹನಿಯಾಗದೆ ಹಾಳೆಯಂತೆ ಹರಡಿದರೆ ಶುದ್ಧ.

ಅನಟೇಸ್ (ಟೈಟಾನಿಯಾದ ಒಂದು ಹರಳು ರೂಪ) ಬೇಕೆಂದರೆ 450–500 ಡಿಗ್ರಿ, ಒಂದು ಗಂಟೆ. ಅದಕ್ಕೂ ಮೇಲೆ ಮಾಮೂಲಿ ಸ್ಲೈಡ್ ಬಾಗುತ್ತದೆ. ಆ ಬಿಸಿಗೆ ಗಾಜಿನ ಸೋಡಿಯಂ ಲೇಪದೊಳಗೆ ನುಗ್ಗಿ ಬೆಳಕಿನಲ್ಲಿ ಕೊಳೆ ಕಳೆಯುವ ಗುಣವನ್ನು ಕುಂದಿಸುತ್ತದೆ. ಮೊದಲು ಮೇಲೆ ಹೇಳಿದ ಸಿಲಿಕಾ ಸಾಲ್‌ನ, ಅಮೋನಿಯಾ ಹಾಕುವ ಮುಂಚಿನ ಆಮ್ಲದ ಸಾಲ್‌ನ, ಒಂದು ಪದರ ಹಚ್ಚಿ ಸುಟ್ಟುಕೊಂಡರೆ ಅದೇ ತಡೆಗೋಡೆ.

ಪ್ರಶ್ನೆ: ಜಿರ್ಕೋನಿಯಾ ಬಿಲ್ಲೆ 1,400ರಲ್ಲಿ ಸುಟ್ಟು ತಣಿಸಿದರೆ ತಾನಾಗಿ ಪುಡಿಯಾಗುತ್ತದೆ. (ಪೀಣ್ಯ)

ಉತ್ತರ: ಯಟ್ರಿಯಾ (ಯಟ್ರಿಯಂ ಆಕ್ಸೈಡ್) ಹಾಕಿಲ್ಲ. ಶುದ್ಧ ಜಿರ್ಕೋನಿಯಾ ತಣಿಯುವಾಗ 950ರ ಸುಮಾರಿಗೆ ರೂಪ ಬದಲಿಸಿ ಶೇ. 3–5ರಷ್ಟು ಹಿಗ್ಗುತ್ತದೆ, ಯಾವ ಬಿಲ್ಲೆಯೂ ಅದನ್ನು ತಾಳದು. 32.2 ಗ್ರಾಂ ಜಿರ್ಕೋನಿಲ್ ಕ್ಲೋರೈಡ್ ಆಕ್ಟಾಹೈಡ್ರೇಟಿಗೆ 2.37 ಗ್ರಾಂ ಯಟ್ರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ ಸೇರಿಸಿದರೆ 3 ಮೋಲ್ ಪ್ರತಿಶತ ಯಟ್ರಿಯಾ ಆಗುತ್ತದೆ. ಅಮೋನಿಯಾದಲ್ಲಿ ಹೆಪ್ಪಾಗಿಸಿದ ಮೇಲೆ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಮಂಜು ಕಟ್ಟುವುದು ನಿಲ್ಲುವವರೆಗೂ ತೊಳೆಯಿರಿ. ಕೊನೆಯ ತೊಳೆತ ಆಲ್ಕೋಹಾಲಿನಲ್ಲಿ. ನೀರಿನಲ್ಲೇ ಒಣಗಿಸಿದರೆ ಪುಡಿ ಕಲ್ಲಿನಂಥ ಉಂಡೆಗಳಾಗಿ, ಒತ್ತಿದಾಗ ಒಡೆಯದೆ, ಸುಟ್ಟಾಗ ನಡುವೆ ತೂತು ಉಳಿಸುತ್ತದೆ.

ಪ್ರಶ್ನೆ: ಸಿಲಿಕಾ ಜೆಲ್ಲನ್ನು ಗಂಟೆಗಟ್ಟಲೆ ಸುಡುವ ನಡುವೆ ಕರೆಂಟ್ ಹೋದರೆ? (ರಾಜಾಜಿನಗರ)

ಉತ್ತರ: ಕುಲುಮೆಯ ಬಾಗಿಲು ತೆಗೆಯಬೇಡಿ. ಇಟ್ಟಿಗೆಯ ಒಳಗೋಡೆ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ, ಅರ್ಧ ಗಂಟೆಯ ಕಡಿತದಿಂದ ಜೆಲ್‌ಗೆ ತೊಂದರೆಯಿಲ್ಲ. ತೊಂದರೆ ಕರೆಂಟ್ ಬಂದಾಗ. ಕಂಟ್ರೋಲರ್ ನಿಂತಲ್ಲಿಂದ ಮುಂದುವರಿಯುತ್ತದೋ, ಮೊದಲಿನಿಂದ ಶುರು ಮಾಡುತ್ತದೋ, ಪೂರ್ತಿ ಬಲದಲ್ಲಿ ಗುರಿಯತ್ತ ಓಡುತ್ತದೋ ಎಂಬುದು ಅದರೊಳಗಿನ ಒಂದು ಆಯ್ಕೆಯ ಮೇಲೆ ನಿಂತಿದೆ. ಕೈಪಿಡಿ ತೆಗೆದು ನೋಡಿ, ಖಾಲಿ ಕುಲುಮೆಯಲ್ಲಿ ಒಮ್ಮೆ ಸ್ವಿಚ್ ಆರಿಸಿ ಪರೀಕ್ಷಿಸಿ. ಆಯ್ಕೆಯೇ ಇಲ್ಲದ ಹಳೆಯ ಕಂಟ್ರೋಲರ್ ಆದರೆ, ಈಗಿನ ತಾಪ ಓದಿಕೊಂಡು ಅಲ್ಲಿಂದ ಮೇಲೆ ಹೇಳಿದ ನಿಮಿಷಕ್ಕೆ 1 ಡಿಗ್ರಿಯಲ್ಲಿ ಹೊಸ ಪ್ರೋಗ್ರಾಂ ಹಾಕಿ. 250–400ರ ನಡುವೆ ನಿಂತಿದ್ದರೆ 400ರ ಐದು ಗಂಟೆಯನ್ನು ಮೊದಲಿನಿಂದ ಎಣಿಸಿ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಜೆಲ್ ಆಗುವುದನ್ನು ತೋರಿಸಬಹುದೇ? (ವಿಜ್ಞಾನ ಶಿಕ್ಷಕರು, ಕೆಂಗೇರಿ)

ಉತ್ತರ: ತೋರಿಸಬಹುದು, ಟಿಇಒಎಸ್ ಬೇಡ. ಅದರ ಆವಿ ಕಣ್ಣು ಉರಿಸುತ್ತದೆ, ಬೆಂಕಿಯೂ ಹತ್ತುತ್ತದೆ. ಅದರ ತಮ್ಮ ಟಿಎಂಒಎಸ್ ಕಣ್ಣಿನ ಕಾರ್ನಿಯಾವನ್ನೇ ಹಾಳುಮಾಡಬಲ್ಲದು. ಸೋಡಿಯಂ ಸಿಲಿಕೇಟ್ ದ್ರಾವಣ 10 ಮಿ.ಲೀ.ಯನ್ನು 40 ಮಿ.ಲೀ. ನೀರಿನಲ್ಲಿ ಬೆರೆಸಿ, ಕಲಕುತ್ತಾ ಅಡುಗೆಯ ವಿನೆಗರ್ ಸೇರಿಸುತ್ತಾ ಹೋಗಿ, ಸಲಕ್ಕೆ 10 ಮಿ.ಲೀ. ಸುಮಾರು 50 ಮಿ.ಲೀ. ಹತ್ತಿರವಾದಾಗ ಕಲಕುವ ಕಡ್ಡಿ ಭಾರವಾಗತೊಡಗಿ, ಕೆಲವೇ ನಿಮಿಷದಲ್ಲಿ ಲೋಟ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗುತ್ತದೆ. ಸಿಲಿಕೇಟಿನ ಸಾಂದ್ರತೆ ಬಾಟಲಿಯಿಂದ ಬಾಟಲಿಗೆ ಬೇರೆ, ಹಿಂದಿನ ದಿನ ಒಮ್ಮೆ ಮಾಡಿ ನೋಡಿಕೊಳ್ಳಿ. ಸಿಲಿಕೇಟ್ ಕ್ಷಾರ, ಕನ್ನಡಕ ಮತ್ತು ಕೈಗವಸು ಕಡ್ಡಾಯ. ಈ ಜೆಲ್ಲನ್ನು ಸುಟ್ಟು ಗಾಜು ಮಾಡುವ ಆಸೆ ಬೇಡ. ಒಳಗಿನ ಸೋಡಿಯಂ ಅಸಿಟೇಟನ್ನು ನಾಲ್ಕಾರು ಸಲ ನೀರು ಬದಲಿಸಿ ತೊಳೆಯದಿದ್ದರೆ, ಕುಲುಮೆಯಲ್ಲಿ ಕರಗಿ ಮೂಸೆಯ ತಳಕ್ಕೆ ಕಚ್ಚಿಕೊಳ್ಳುತ್ತದೆ, ಮೂಸೆ ಒಡೆದೇ ಬಿಡಿಸಬೇಕು.